ಕನ್ನಡ ಕರಾವಳಿಯ ಪಥಿಕಾಶ್ರಯಗಳು

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ನದಿಗಳೂ ಅವುಗಳ ನಡುವಣ ಅನೇಕ ಕಿರುಹೊಳೆಗಳೂ ಉತ್ತರ ಕನ್ನಡದ ನೆಲವನ್ನು ಸೀಳಿಕೊಂಡು ಕಡಲನ್ನು ಸೇರುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಕಾರವಾರದಿಂದ ಭಟ್ಕಳಕ್ಕೆ ಹೊರಟ ದಾರಿಗನು ಒಂದೊಂದು ಹೊಳೆಯ ದಂಡೆಯಲ್ಲಿಯೂ ತಾರಿಗಾಗಿ ಕಾಯಬೇಕಾಗಿತ್ತು. ದೋಣಿಯು ಆಚೆಯ ದಡದಲ್ಲಿದ್ದರೆ ಕೂಗಿ ಕರೆಯಬೇಕು. ನೆರೆಯಿದ್ದರೆ ಅದು ಇಳಿಯುವ ತನಕ ನಿಲ್ಲಬೇಕು. ಕತ್ತಲಾದ ಬಳಿಕ ಅಂಬಿಗನು ಬರುವದಿಲ್ಲ. ಎಷ್ಟು ದಿನದ ಪ್ರಯಾಣವೆಂಬದನ್ನು ಹೊಳೆಗಳೇ ನಿಶ್ಚಯಿಸುತ್ತಿದ್ದವು. ಮೇಲಾಗಿ ವರ್ಷದ ನಾಲ್ಕು ತಿಂಗಳು ಇಲ್ಲಿ ಬಯಲಲ್ಲಿ ಮಲಗುವಂತಿಲ್ಲ. ಆದಕಾರಣ ಈ ನಾಡಿನಲ್ಲಿ ದಾರಿಗನಿಗೆ ಒಂದು ರಾತ್ರಿಯ ಮಾಡು ಬೇಕಾದುದು ಸುಖಕ್ಕಾಗಿ ಅಲ್ಲ, ಜೀವರಕ್ಷಣೆಗಾಗಿ.

ಆ ಮಾಡನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏನನ್ನು ಕೇಳಿ ಕೊಟ್ಟರು ಎಂಬದನ್ನು ಕ್ರಮವಾಗಿ ನೋಡುತ್ತ ಹೋದರೆ ಅರಸರ ಚರಿತ್ರೆಯಲ್ಲಿ ಕಾಣದಿರುವ ಜನರ ಚರಿತ್ರೆಯೊಂದು ಗೋಚರವಾಗುವದು.

ದಾರಿಗನಿಗೆ ನೀರು, ನೆರಳು, ನೆಲೆಗಳನ್ನು ಒದಗಿಸುವದನ್ನು ಧರ್ಮಶಾಸ್ತ್ರಕಾರರು ಪುಣ್ಯಕಾರ್ಯಗಳಲ್ಲಿ ಎಣಿಸಿದ್ದಾರೆ. ಯಜ್ಞಾದಿ ಕರ್ಮಗಳು 'ಇಷ್ಟ'. ಕೆರೆ, ಬಾವಿ, ದೇವಾಲಯ, ಉಪವನ, ಅನ್ನದಾನ ಮೊದಲಾದವು 'ಪೂರ್ತ'. ಎರಡೂ ಕೂಡಿ ಇಷ್ಟಾಪೂರ್ತ. ದಾರಿಯ ಮೇಲೆ ನೀರು ಕೊಡುವ ಮನೆಗೆ ಸಂಸ್ಕೃತದಲ್ಲಿ 'ಪ್ರಪಾ' ಎಂದು ಹೆಸರು. ಕನ್ನಡದಲ್ಲಿ ಅದೇ ಅರವಟ್ಟಿಗೆ. 'ಛತ್ರ'ವೆಂಬ ಮಾತು 'ಸತ್ರ'ದಿಂದ ಬಂದುದು. ಸತ್ರವೆಂದರೆ ಮೊದಲು ಬಹುದಿನ ನಡೆಯುವ ಯಾಗ. ಬಳಿಕ ಎಡೆಬಿಡದೆ ಅನ್ನವಿಕ್ಕುವ ಸ್ಥಳ. ಅಶೋಕ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಗಳುದ್ದಕ್ಕೂ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದುದನ್ನು ಹೇಳಿಕೊಂಡಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಧರ್ಮಾವಸಥ'ಗಳ ಪ್ರಸ್ತಾಪವುಂಟು. ಅವುಗಳ ಮೇಲ್ವಿಚಾರಕರು ದಾರಿಗರನ್ನೂ ಅನ್ಯಮತದ ಸನ್ಯಾಸಿಗಳನ್ನೂ ಅಧಿಕಾರಿಗಳಿಗೆ ತಿಳಿಸಿಯೇ ಇಳಿಸಿಕೊಳ್ಳಬೇಕೆಂಬ ವಿಧಿಯನ್ನು ಅವನು ಮಾಡಿದ್ದಾನೆ. ಈಗಿನ ವಸತಿಗೃಹಗಳ ಬಾಗಿಲಲ್ಲಿ ಗುರುತಿನ ಚೀಟಿಯನ್ನು ಕೇಳುವ ಪದ್ಧತಿಗೆ ಇಷ್ಟು ದೂರದ ಪೂರ್ವಜನೊಬ್ಬನಿದ್ದಾನೆಂದು ಬಹುಜನರು ಅರಿಯರು.

ಆದರೆ ಶಾಸ್ತ್ರದ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಒಂದೇ ರಾತ್ರಿ ಉಳಿಯುವವನನ್ನು ಅತಿಥಿಯೆಂದು ನಿರ್ವಚಿಸುತ್ತದೆ. ನಿತ್ಯವಾಗಿ ನಿಲ್ಲದವನಾದ್ದರಿಂದ ಅವನು ಅತಿಥಿ. ಆದರೆ ಅಲ್ಲಿ ಆ ಹೆಸರು ಸಲ್ಲುವದು ಬ್ರಾಹ್ಮಣನಿಗೆ. ಉಳಿದವರು ಬಂದರೆ ಯಾರಿಗೆ ಯಾವಾಗ, ಯಾರ ಜೊತೆಯಲ್ಲಿ ಉಣ್ಣಿಸಬೇಕೆಂಬದನ್ನು ಅದೇ ಅಧ್ಯಾಯವು ವರ್ಣಾನುಸಾರವಾಗಿ ಬೇರೆ ಬೇರೆ ಹೇಳುತ್ತದೆ. ಹೀಗೆ ದಾನದ ಉದಾರತೆಯೂ ಪಂಕ್ತಿಯ ಭೇದವೂ ಒಂದೇ ಗ್ರಂಥದಲ್ಲಿ ಜೊತೆಯಾಗಿ ಬಂದವು. ಮುಂದಿನ ಸಾವಿರಾರು ವರ್ಷಗಳ ಛತ್ರಗಳ ಕಥೆಯೆಲ್ಲ ಈ ಎರಡರ ಕಥೆ.

ಘಟ್ಟದ ಮೇಲೆ, ಈಗಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬ ಪ್ರಸಿದ್ಧ ಮಠವಿದ್ದಿತು. ಕಳಚುರಿ ಬಿಜ್ಜಳನ ಕಾಲದ, ಕ್ರಿ. ಶ. ೧೧೬೨ರ ಶಾಸನವೊಂದು ಅದರ ವರ್ಣನೆಯನ್ನು ಮಾಡುತ್ತದೆ. ಅದು ವೇದ, ವ್ಯಾಕರಣ, ದರ್ಶನಗಳ ಪಾಠಶಾಲೆಯಾಗಿದ್ದಿತು, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನಸ್ಥಾನವಾಗಿದ್ದಿತು, ರೋಗಿಗಳಿಗೆ ಔಷಧಸ್ಥಾನವಾಗಿದ್ದಿತು, ನಾನಾ ದೇಶಗಳಿಂದ ಬಂದ ನಾನಾ ಪಂಥದ ಭಿಕ್ಷುಕರಿಗೆ ಆಶ್ರಯವಾಗಿದ್ದಿತು. ಈ ಭಿಕ್ಷುಕರ ಪಟ್ಟಿಯಲ್ಲಿ ಜೈನ ಕ್ಷಪಣಕರ ಹೆಸರೂ ಬಂದಿರುವದು ಗಮನಾರ್ಹ. ಕಾಳಾಮುಖ ಶೈವರ ಮಠವೊಂದು ಪರಮತದ ಯತಿಗೂ ಅನ್ನವಿಕ್ಕುವದನ್ನು ಶಾಸನದಲ್ಲಿ ಬರೆಯಿಸಿಕೊಳ್ಳುವಷ್ಟು ಹೆಮ್ಮೆಯ ಸಂಗತಿಯೆಂದು ತಿಳಿದಿದ್ದಿತು.

ಘಟ್ಟದ ಕೆಳಗಿನ ವೃತ್ತಾಂತವು ದೊರೆಯುವದು ಒಬ್ಬ ಪರದೇಶಿಯ ಬರಹದಲ್ಲಿ. ಮೊರಾಕ್ಕೊ ದೇಶದ ಇಬ್ನ್ ಬತೂತನು ೧೩೪೨ರ ಸುಮಾರಿಗೆ ಹೊನ್ನಾವರಕ್ಕೆ ಬಂದನು. ಅಲ್ಲಿಯ ಒಬ್ಬ ಶೇಖನು ತನ್ನ ಆಶ್ರಮದಲ್ಲಿ ಅವನನ್ನು ಇಳಿಸಿಕೊಂಡು ಸ್ವತಃ ಅಡಿಗೆ ಮಾಡಿ ಬಡಿಸಿದನಂತೆ. ಗೋವೆಯಿಂದ ಕೊಲ್ಲಂ ವರೆಗಿನ ಕರಾವಳಿಯನ್ನೆಲ್ಲ ಅವನು ಮಲಬಾರವೆಂದು ಕರೆದು ಅದರ ಹಾದಿಯನ್ನು ವರ್ಣಿಸಿದ್ದಾನೆ. ಅರ್ಧ ಅರ್ಧ ಮೈಲಿಗೆ ಒಂದೊಂದು ಮರದ ಮನೆ. ಅದರಲ್ಲಿ ಕೂಡ್ರಲು ಹಲಗೆಯ ಪೀಠಗಳು. ಹಿಂದೂ, ಮುಸಲ್ಮಾನ ಎಂಬ ಭೇದವಿಲ್ಲದೆ ಯಾವ ದಾರಿಗನೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು. ಪ್ರತಿಯೊಂದು ಮನೆಯ ಬಳಿ ಒಂದು ಬಾವಿ, ಬಾವಿಯನ್ನು ನೋಡಿಕೊಳ್ಳಲು ಒಬ್ಬ ಹಿಂದೂ. ಬಂದವನು ಹಿಂದುವಾದರೆ ಪಾತ್ರೆಯಲ್ಲಿ ನೀರು ಕೊಡುವನು. ಮುಸಲ್ಮಾನನಾದರೆ ಅವನ ಬೊಗಸೆಗೆ ಹೊಯ್ಯುವನು, ಸಾಕೆಂದು ಸನ್ನೆ ಮಾಡುವ ತನಕ ಹೊಯ್ಯುತ್ತಲೇ ಇರುವನು.

ಈ ಒಂದು ಚಿತ್ರದಲ್ಲಿ ಇಡೀ ವಿಷಯವು ಅಡಗಿದೆ. ನೀರಿಗೆ ದುಡ್ಡಿಲ್ಲ, ಮಿತಿಯಿಲ್ಲ. ಪೀಠವು ಎಲ್ಲರಿಗೂ ಒಂದೇ. ಪಾತ್ರೆ ಮಾತ್ರ ಎಲ್ಲರಿಗೂ ಇಲ್ಲ. ಮುಸಲ್ಮಾನರ ಮನೆಗಳಿಲ್ಲದ ಎಡೆಯಲ್ಲಿ ಹಿಂದೂಗಳು ಅವರಿಗಾಗಿ ಅಡಿಗೆ ಮಾಡಿ ಬಾಳೆಯೆಲೆಯ ಮೇಲೆ ಬಡಿಸುತ್ತಿದ್ದರೆಂದೂ, ಮನೆಯೊಳಗೆ ಮಾತ್ರ ಸೇರಿಸುತ್ತಿರಲಿಲ್ಲವೆಂದೂ ಅವನೇ ಬರೆದಿದ್ದಾನೆ. ಇನ್ನುಳಿದ ಎಡೆಗಳಲ್ಲಿ ಸ್ಥಳೀಯ ಮುಸಲ್ಮಾನರ ಮನೆಗಳೇ ಅವರ ವರ್ತಕರಿಗೆ ಇಳಿದಾಣಗಳಾಗಿದ್ದವು. ಆ ಮನೆಗಳಿಲ್ಲದಿದ್ದರೆ ಈ ಹಾದಿಯಲ್ಲಿ ಮುಸಲ್ಮಾನನು ಸಂಚರಿಸುವದೇ ಸಾಧ್ಯವಿರಲಿಲ್ಲವೆಂದು ಅವನ ಅಭಿಪ್ರಾಯ. ಹೊನ್ನಾವರ, ಭಟ್ಕಳಗಳಂಥ ಬಂದರುಗಳು ಅರಬ ದೇಶದೊಡನೆ ವ್ಯಾಪಾರವನ್ನು ನಡೆಯಿಸಿ ಬಾಳಿದುದು ಇಂಥ ಇಳಿದಾಣಗಳ ಬಲದಿಂದಲೇ.

ವಿಜಯನಗರದ ಕಾಲದಲ್ಲಿ ಭಟ್ಕಳವು ಕುದುರೆಗಳು ಬಂದಿಳಿಯುವ ದೊಡ್ಡ ಬಂದರವಾಗಿ ಬೆಳೆಯಿತು. ಸುಮಾರು ೧೫೨೦ರಲ್ಲಿ ಬಂದ ಪೋರ್ತುಗೀಜ ದೊಮಿಂಗೊ ಪಾಯೆಸನು ಭಟ್ಕಳದಿಂದ ಘಟ್ಟದ ಮೇಲಕ್ಕೆ ಹೋಗುವ ಮಾರ್ಗವು ಕಾಡಿನ ನಡುವೆ ಸಾಗಿದರೂ ಸಮವಾಗಿದೆಯೆಂದೂ, ಅದರ ಬದಿಯಲ್ಲಿ ಅನೇಕ ಹಳ್ಳಗಳಿರುವದರಿಂದಲೇ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಭಟ್ಕಳಕ್ಕೆ ಬರುತ್ತವೆಂದೂ ಬರೆದನು. ಎತ್ತಿಗೂ ಆಳಿಗೂ ನೀರು ಸಿಕ್ಕುವ ಕಡೆಗೆ ವ್ಯಾಪಾರವು ಹರಿಯುವದೆಂಬ ಸರಳ ಸತ್ಯವು ಇದರಲ್ಲಿದೆ. ಮುಂದೆ ಒಂದು ಶತಮಾನ ಕಳೆದ ಮೇಲೆ, ೧೬೨೩ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಗೋವೆಯ ರಾಯಭಾರಿಯೊಡನೆ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ, ಆಗಲೇ ಹಾಳುಬಿದ್ದಿದ್ದ ಗೇರುಸೊಪ್ಪೆಯನ್ನು ಕಂಡು, ಘಟ್ಟವನ್ನೇರಿ ವೆಂಕಟಪ್ಪನಾಯಕನ ಇಕ್ಕೇರಿಗೆ ಹೋದನು. ಹೇರುಗಳು ಸಿದ್ಧವಾಗುವ ತನಕ ಅವನು ಒಂದು ದೇವಾಲಯದ ಜಗಲಿಯಲ್ಲಿ ಕಾಯಬೇಕಾಯಿತು. ಅಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆದು, ರಾಗವಾಗಿ ಹಾಡುತ್ತ ಲೆಕ್ಕವನ್ನು ಕಲಿಯುತ್ತಿದ್ದ ಬಗೆಯನ್ನು ನೋಡಿ ಅವನು ಬೆರಗಾಗಿ ಬರೆದಿಟ್ಟನು. ಒಂದೇ ಜಗಲಿಯು ಶಾಲೆಯೂ ಹೌದು, ಪಥಿಕಾಶ್ರಯವೂ ಹೌದು. ಬೇರೆ ಕಟ್ಟಡವನ್ನು ಕಟ್ಟಿಸದೆಯೇ ಊರು ತನ್ನಲ್ಲಿದ್ದುದನ್ನು ದಾರಿಗನೊಡನೆ ಹಂಚಿಕೊಂಡ ರೀತಿಯಿದು.

ಜಗಲಿಯ ಈ ಧರ್ಮವು ಗೃಹಸ್ಥರ ಮನೆಗಳಲ್ಲಿಯೂ ಇದ್ದಿತು. ಹೊಸಬನು ಅಂಗಳಕ್ಕೆ ಬಂದರೆ ಹೆಸರು ಕೇಳುವದಕ್ಕೆ ಮೊದಲು ಆಸರಿಗೆ ಬೇಕೇ ಎಂದು ಕೇಳಿ, ಬೆಲ್ಲವನ್ನೂ ನೀರನ್ನೂ ತಂದಿಡುವದು ಹವ್ಯಕರ ಮನೆಗಳ ರೂಢಿ. ರಾತ್ರಿಯಾದರೆ ಜಗಲಿಯ ಮೇಲೆ ಚಾಪೆ. ಗೋಕರ್ಣದಲ್ಲಿ ಶಿವರಾತ್ರಿಯ ಯಾತ್ರಿಕರಿಗೆ ಅರ್ಚಕರ ಮನೆಗಳೇ ಬಿಡಾರಗಳಾಗಿದ್ದವು. ಆದರೆ ಜಗಲಿಯನ್ನು ಕೂಡ ಹತ್ತದೆ ಅಂಗಳದ ಅಂಚಿನಲ್ಲಿಯೇ ನಿಲ್ಲಬೇಕಾಗಿದ್ದ ಜನರೂ ಈ ಊರುಗಳಲ್ಲಿ ಇದ್ದರು. ಅವರಿಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಇಬ್ನ್ ಬತೂತನು ಕಂಡ ಬೊಗಸೆಯು ಪರದೇಶಿಯದು; ಇವರದು ಇದೇ ಊರಿನವರ ಬೊಗಸೆ.

ಆಂಗ್ಲರ ಆಳಿಕೆಯಲ್ಲಿ ಪಥಿಕರ ಸಂಖ್ಯೆಯು ಹೆಚ್ಚಿತು. ಧಾರವಾಡದ ಸೀಮೆಯ ಹತ್ತಿಯು ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಬಂದು ಹಡಗನ್ನೇರುತ್ತಿದ್ದಿತು; ಆದ್ದರಿಂದಲೇ ವಿಲಾಯತಿಯ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಎಂಬ ಹೆಸರಾಯಿತು. ಗಾಡಿಯವರು ತಮ್ಮ ಗಾಡಿಗಳ ಕೆಳಗೇ ಮಲಗುತ್ತಿದ್ದರು. ೧೮೬೨ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಅಧಿಕಾರಿಗಳಿಗಾಗಿ ಬಂಗಲೆಗಳೂ, ಸಾಮಾನ್ಯರಿಗಾಗಿ ಅಲ್ಲಲ್ಲಿ ಧರ್ಮಶಾಲೆಗಳೂ ಎದ್ದವು. ೧೮೬೭ರಲ್ಲಿ ಸರಕಾರವು ಸರಾಯಿಗಳ ಕಾಯಿದೆಯನ್ನು ಮಾಡಿ, ಸರಾಯಿ ನಡೆಯಿಸುವವನು ಅದನ್ನು ದಾಖಲು ಮಾಡಿಸಬೇಕು, ಕೋಣೆಗಳನ್ನೂ ಬಾವಿಗಳನ್ನೂ ಶುಚಿಯಾಗಿ ಇಡಬೇಕು ಎಂದು ವಿಧಿಸಿತು. ೧೮೮೦ರ ದಶಕದಲ್ಲಿ ರೈಲು ಮಾರ್ಗವು ಮುರಗಾವಿಗೆ ತಲುಪಿದ ಮೇಲೆ ಹತ್ತಿಯು ಆ ದಾರಿ ಹಿಡಿಯಿತು. ಕುಮಟೆಯ ಗಾಡಿಗಳೂ ಕಡಿಮೆಯಾದವು.

ರೈಲು ಬಂದಲ್ಲಿ ಹೊಸ ಬಗೆಯ ಛತ್ರಗಳು ಹುಟ್ಟಿದವು. ಬೆಂಗಳೂರಿನ ರೈಲು ನಿಲ್ದಾಣದೆದುರಿಗೆ ವರ್ತಕರಾದ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರವು ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟಿತವಾಯಿತು. ಅರಸನಾಗಲಿ ಮಠವಾಗಲಿ ಅಲ್ಲದ ಒಬ್ಬ ವ್ಯಾಪಾರಿಯು ತನ್ನ ಗಳಿಕೆಯನ್ನು ಅಪರಿಚಿತ ಪ್ರಯಾಣಿಕರ ನಿದ್ದೆಗಾಗಿ ವಿನಿಯೋಗಿಸಿದನೆಂಬದು ಕರ್ಣಾಟಕದ ಚರಿತ್ರೆಯಲ್ಲಿ ಸ್ಮರಣೀಯವಾದುದು. ಕರಾವಳಿಯಲ್ಲಿ ರೈಲಿಲ್ಲ, ಆಗಬೋಟು ಮಾತ್ರ. ಅದೂ ಮಳೆಗಾಲದಲ್ಲಿ ನಿಲ್ಲುತ್ತಿದ್ದಿತು. ಆಗಬೋಟಿಗಾಗಿ ಕಾಯುವವರಿಗೆ ಖಾನಾವಳಿಗಳು ತೆರೆದವು. ಅನ್ನವನ್ನು ಮಾರುವದು ಪಾಪವೆಂದು ತಿಳಿದ ನಾಡಿನಲ್ಲಿ ಅನ್ನವು ಬೆಲೆಗೆ ದೊರೆಯಹತ್ತಿತು. ಹಿರಿಯರು ಇದನ್ನು ಧರ್ಮದ ಹ್ರಾಸವೆಂದು ಬಗೆದರು. ಆದರೆ ಅದರಲ್ಲಿ ಮುಂದಿನ ಸಮತೆಯ ಬೀಜವೂ ಇದ್ದಿತು. ಅನೇಕ ಛತ್ರಗಳು ಒಂದೊಂದು ಜಾತಿಗೆ ಮೀಸಲಾಗಿದ್ದವು. ಹಣವನ್ನು ತೆಗೆದುಕೊಂಡು ಬಡಿಸುವವನು ಮಾತ್ರ ಬಹುಕಾಲ ಕುಲವನ್ನು ಕೇಳುತ್ತ ಕುಳಿತುಕೊಳ್ಳಲಾರನು. ಖಾನಾವಳಿಗಳಲ್ಲಿಯೂ ಬೇರೆ ಕೋಣೆ, ಬೇರೆ ಪಂಕ್ತಿಗಳು ಕೆಲವು ಕಾಲ ಇದ್ದವೆಂಬದು ನಿಜ; ಅವು ಉಳಿಯಲಿಲ್ಲವೆಂಬದೂ ನಿಜ.

ಅವು ತಾವಾಗಿಯೇ ಹೋಗಲಿಲ್ಲ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ ಹದಿನೈದನೆಯ ಅನುಚ್ಛೇದದಲ್ಲಿ ಮತ, ಕುಲ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಯನ್ನೂ ಉಪಾಹಾರಗೃಹ, ಹೋಟೆಲುಗಳಿಂದಾಗಲಿ, ಸರಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ದಾರಿಗಳಿಂದಾಗಲಿ ದೂರವಿಡಕೂಡದೆಂದು ಸಾರಿತು. ಹದಿನೇಳನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಇನ್ನೂ ಮುಂದೆ ಹೋಗಿ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರಿಸಿಯೇ, ಅಲ್ಲಿ ಸಾರ್ವಜನಿಕರ ಉಪಯೋಗಕ್ಕಾಗಿ ಇಟ್ಟ ಪಾತ್ರೆಗಳನ್ನು ಬಳಸಲು ಅಡ್ಡಿಪಡಿಸುವದು ದಂಡನಾರ್ಹವೆಂದು ವಿಧಿಸಿತು. ೧೯೭೬ರಲ್ಲಿ ಈ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣೆಯ ಅಧಿನಿಯಮವೆಂಬ ಹೆಸರು ಬಂದಿತು. ಕಾಯಿದೆಯ ಮಾತಿನಲ್ಲಿ ಪಾತ್ರೆಯ ಹೆಸರು ಬಂದುದು ಆಕಸ್ಮಿಕವಲ್ಲ. ಬಾವಿಯ ಬಳಿಯಲ್ಲಿ ಪಾತ್ರೆ ಯಾರಿಗೆ, ಬೊಗಸೆ ಯಾರಿಗೆ ಎಂಬ ಹಳೆಯ ಪ್ರಶ್ನೆಗೆ ಆರುನೂರು ವರ್ಷಗಳ ಮೇಲೆ ದೊರೆತ ಉತ್ತರವದು.

ತರುವಾಯದ ಬದಲಾವಣೆಗಳು ವೇಗದವು. ಹೊಳೆಗಳ ಮೇಲೆ ಸೇತುವೆಗಳು ಎದ್ದು ತಾರಿಯ ಕಾಯುವಿಕೆಯು ಮುಗಿಯಿತು. ೧೯೯೮ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದು ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟೆಗಳಲ್ಲಿ ನಿಲ್ದಾಣಗಳಾದವು. ಮುರ್ಡೇಶ್ವರದಲ್ಲಿ ಉದ್ಯಮಿ ಆರ್. ಎನ್. ಶೆಟ್ಟಿಯವರು ಶಿವನ ೧೨೩ ಅಡಿಯ ಮೂರ್ತಿಯನ್ನು ನಿಲ್ಲಿಸಿದರು. ೨೦೦೮ರಲ್ಲಿ ಅಲ್ಲಿಯ ರಾಜಗೋಪುರವು ತೆರೆಯಿತು. ಅದರ ಸುತ್ತ ವಸತಿಗೃಹಗಳು ಬೆಳೆದವು. ಗೋಕರ್ಣದ ಓಂ ಮತ್ತು ಕುಡ್ಲೆ ಕಡಲದಂಡೆಗಳಿಗೆ ಪರದೇಶದ ತರುಣರು ಬರಲಾರಂಭಿಸಿದಾಗ ಸಾಧಾರಣ ಕುಟುಂಬಗಳು ಮನೆಯ ಕೋಣೆಗಳನ್ನೂ ಗುಡಿಸಲುಗಳನ್ನೂ ಬಾಡಿಗೆಗೆ ಕೊಟ್ಟವು. ಈಗ ಅಲ್ಲಿ ಪ್ರಯಾಣಿಕರ ಹಾಸ್ಟೆಲುಗಳೂ ಉಂಟು.

ಕನ್ನಡದಲ್ಲಿ ಹಾಸ್ಟೆಲೆಂದರೆ ಇದುವರೆಗೆ ವಿದ್ಯಾರ್ಥಿನಿಲಯವೆಂದೇ ಅರ್ಥ. ಪ್ರಯಾಣಿಕರ ಹಾಸ್ಟೆಲಿನ ಮೂಲವನ್ನು ಹುಡುಕಿದರೆ ಅಲ್ಲಿಯೂ ಒಬ್ಬ ಶಾಲಾಮಾಸ್ತರನೇ ಸಿಕ್ಕುವನು. ಜರ್ಮನಿಯ ರಿಕಾರ್ಡ್ ಶಿರ್ಮನ್ ಎಂಬ ಉಪಾಧ್ಯಾಯನು ೧೯೦೯ರಲ್ಲಿ ಹುಡುಗರನ್ನು ಕರೆದುಕೊಂಡು ಕಾಲ್ನಡೆಯಲ್ಲಿ ಹೊರಟಿದ್ದಾಗ ಗುಡುಗುಮಳೆಗೆ ಸಿಕ್ಕಿ, ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿಯನ್ನು ಕಳೆದನು. ರಜೆಯಲ್ಲಿ ಬರಿದಾಗಿ ನಿಲ್ಲುವ ಶಾಲೆಗಳೆಲ್ಲ ನಡೆಯುವ ಹುಡುಗರಿಗೆ ಅಗ್ಗದ ತಂಗುದಾಣಗಳೇಕೆ ಆಗಬಾರದೆಂದು ಅವನಿಗೆ ಆ ರಾತ್ರಿ ಹೊಳೆಯಿತು. ೧೯೧೨ರಲ್ಲಿ ಅಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಸ್ಥಿರವಾದ ಮೊದಲನೆಯ ಹಾಸ್ಟೆಲು ನೆಲೆಗೊಂಡಿತು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಈ ಚಳವಳಿಯು ಭಾರತಕ್ಕೂ ಬಂದಿತು. ಲಾಭಕ್ಕಾಗಿ ನಡೆಯುವ ಹಾಸ್ಟೆಲುಗಳು ಇಲ್ಲಿ ಹಬ್ಬಿದುದು ಇತ್ತೀಚೆಗೆ. ೨೦೧೩ರಲ್ಲಿ ಆರಂಭವಾದ ಜೋಸ್ಟೆಲ್ ಸಂಸ್ಥೆಯು ಅವುಗಳಲ್ಲಿ ಹೆಸರಾದುದು, ಗೋಕರ್ಣದಲ್ಲಿಯೂ ಅದರ ಮನೆಯುಂಟು.

ಇವುಗಳ ವ್ಯವಸ್ಥೆಯು ಸರಳವಾದುದು. ಕೋಣೆಯನ್ನಲ್ಲ, ಒಂದು ಮಂಚವನ್ನು ಬಾಡಿಗೆಗೆ ಕೊಡುವರು. ಒಂದೇ ಕೋಣೆಯಲ್ಲಿ ನಾಲ್ಕರಿಂದ ಹತ್ತು ಮಂಚಗಳು ಒಂದರ ಮೇಲೊಂದಾಗಿ ಇರುವವು. ಗಂಟುಮೂಟೆಗೆ ಬೀಗದ ಪೆಟ್ಟಿಗೆ. ಸ್ನಾನದ ಮನೆಯೂ ಕೂಡುವ ಪಡಸಾಲೆಯೂ ಎಲ್ಲರಿಗೂ ಒಂದೇ. ಬಾಡಿಗೆಯು ಎಲ್ಲರಲ್ಲಿ ಹಂಚಿಹೋಗುವದರಿಂದ ಕೆಲವು ನೂರು ರೂಪಾಯಿಗಳಲ್ಲಿ ರಾತ್ರಿಯು ಕಳೆಯುವದು. ಒಬ್ಬಂಟಿಯಾಗಿ ಬಂದ ಹೆಂಗಸಿಗೆ ಕೋಣೆ ಕೊಡಲು ಹಿಂದೆಗೆಯುವ ವಸತಿಗೃಹಗಳು ಇಂದಿಗೂ ಇರುವಾಗ, ಹೆಂಗಸರಿಗೇ ಬೇರೆ ಕೋಣೆಯನ್ನು ಇಟ್ಟ ಈ ಮನೆಗಳು ಹಳೆಯ ಛತ್ರಗಳು ಮಾಡದ ಉಪಕಾರವನ್ನು ಮಾಡಿವೆ. ಮೇಲಿನ ಮಂಚದವನ ಕುಲವನ್ನು ಕೆಳಗಿನ ಮಂಚದವನು ಕೇಳುವದಿಲ್ಲ. ನೀರಿನ ಲೋಟವು ಎಲ್ಲರಿಗೂ ಒಂದೇ. ಇದು ಅಲ್ಪ ಸಂಗತಿಯಲ್ಲ.

ಆದರೂ ತೂಗಿ ನೋಡುವವನು ಎರಡೂ ತಟ್ಟೆಗಳನ್ನು ನೋಡಬೇಕು. ಹಿಂದೆ ಹಣವನ್ನು ಕೇಳುತ್ತಿರಲಿಲ್ಲ, ಜಾತಿಯನ್ನು ಕೇಳುತ್ತಿದ್ದರು. ಇಂದು ಜಾತಿಯನ್ನು ಕೇಳುವದಿಲ್ಲ, ಹಣವನ್ನು ಕೇಳುತ್ತಾರೆ. ಹಣದೊಡನೆ ಗುರುತಿನ ಚೀಟಿಯನ್ನೂ, ಮೊದಲೇ ಮೊಬೈಲಿನಲ್ಲಿ ಜಾಗ ಕಾದಿರಿಸಿದ್ದರ ದಾಖಲೆಯನ್ನೂ ಕೇಳುತ್ತಾರೆ. ಹಾಸ್ಟೆಲುಗಳು ಹೆಚ್ಚಾಗಿ ತರುಣ ವಿಹಾರಿಗಳಿಗಾಗಿ ಇವೆ. ಮಕ್ಕಳೊಂದಿಗ ಬಡವನನ್ನೂ, ಕೆಲವೆಡೆ ಅದೇ ಊರಿನವನನ್ನೂ ಸೇರಿಸಿಕೊಳ್ಳುವದಿಲ್ಲ. ನಡುರಾತ್ರಿ ಭಟ್ಕಳದ ನಿಲ್ದಾಣದಲ್ಲಿಳಿದು ಜಾಲಿಯ ಕಡೆಗೆ ಹೋಗಲು ಬೆಳಗನ್ನು ಕಾಯುವ ಕೂಲಿಯವನು, ಆಸ್ಪತ್ರೆಗೆಂದು ಬಂದ ರೋಗಿಯ ನೆಂಟನು, ಹೆದ್ದಾರಿಯಲ್ಲಿ ಶಬರಿಮಲೆಗೆ ನಡೆಯುವ ಮಾಲಾಧಾರಿ, ಇವರ ರಾತ್ರಿಯು ಇಂದಿಗೂ ಕಟ್ಟೆಯ ಮೇಲೆ ಅಥವಾ ದೇವಾಲಯದ ಜಗಲಿಯ ಮೇಲೆಯೇ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ದೇಶವು ಮುಚ್ಚಿದಾಗ ವಸತಿಗೃಹಗಳ ಬಾಗಿಲುಗಳೂ ಮುಚ್ಚಿದವು; ಸಾವಿರಾರು ಕೂಲಿಕಾರರು ಹೆದ್ದಾರಿಗಳಲ್ಲಿ ನಡೆದರು. ಆಗ ಸರಕಾರವು ಅವರಿಗಾಗಿ ತೆರೆದುದು ಶಾಲೆಗಳನ್ನೂ ಕಲ್ಯಾಣಮಂಟಪಗಳನ್ನೂ.

ಹಣವನ್ನೂ ಜಾತಿಯನ್ನೂ ಎರಡನ್ನೂ ಮುಂದಿಡದೆ ಪಥಿಕನನ್ನು ಇಳಿಸಿಕೊಳ್ಳುವದು ಅಸಾಧ್ಯವೆಂದು ಹೇಳುವಂತಿಲ್ಲ. ಧರ್ಮಸ್ಥಳದಲ್ಲಿ ಪ್ರತಿದಿನವೂ ಸಾವಿರಾರು ಜನರಿಗೆ ಭೇದವಿಲ್ಲದೆ ಉಚಿತವಾದ ಊಟವೂ, ಅಲ್ಪ ಬಾಡಿಗೆಗೆ ಬಿಡಾರವೂ ದೊರೆಯುತ್ತವೆ. ಅಂಥ ದೊಡ್ಡ ಕ್ಷೇತ್ರವು ಪ್ರತಿ ಊರಿನಲ್ಲಿಯೂ ಇರಲಾರದು, ಇ‌ರಬೇಕಾಗಿಯೂ ಇಲ್ಲ. ಪ್ರತಿ ಊರಿನಲ್ಲಿಯೂ ಇರುವದು ಒಂದು ಛತ್ರ.

ಆ ಮಾತಿನ ಈಗಿನ ಅರ್ಥವನ್ನು ವಾಚಕರು ಬಲ್ಲರು. ಛತ್ರವೆಂದರೆ ಈಗ ಮದುವೆಗೆ ಬಾಡಿಗೆಗೆ ಕೊಡುವ ಮಂಟಪ. ಹೆಸರು ಸತ್ರದ್ದು, ಕೆಲಸ ಬೇರೆಯದು. ಆದರೆ ಅಲ್ಲಿ ಬಾವಿಯುಂಟು, ಅಡಿಗೆಮನೆಯುಂಟು, ಶೌಚಗೃಹವುಂಟು, ನೂರಾರು ಜನರು ಮಲಗುವಷ್ಟು ನೆಲವುಂಟು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮುಹೂರ್ತಗಳಿಲ್ಲ. ಆ ಎರಡು ತಿಂಗಳು ಛತ್ರಗಳಿಗೆ ಬೀಗ. ಆಷಾಢವು ಈ ಕರಾವಳಿಯಲ್ಲಿ ದಾರಿಗನು ಬಯಲಲ್ಲಿ ಮಲಗಲಾರದ ತಿಂಗಳು. ಧನುರ್ಮಾಸವು ಮಾಲಾಧಾರಿಗಳು ಹೆದ್ದಾರಿಯಲ್ಲಿ ನಡೆಯುವ ತಿಂಗಳು. ಬೀಗವಿರುವ ತಿಂಗಳುಗಳೂ ಬಾಗಿಲು ಬೇಕಾಗುವ ತಿಂಗಳುಗಳೂ ಒಂದೇ ಆಗಿವೆ. ಜರ್ಮನಿಯ ಆ ಉಪಾಧ್ಯಾಯನು ರಜೆಯ ಶಾಲೆಗಳನ್ನು ಕುರಿತು ಕೇಳಿದ ಪ್ರಶ್ನೆಯನ್ನು ಈ ಮಂಟಪಗಳನ್ನು ಕುರಿತು ಊರವರು ಕೇಳಬಹುದು. ಒಂದು ಚಾಪೆ, ಒಂದು ದೀಪ, ಎಲ್ಲರಿಗೂ ಒಂದೇ ಪಾತ್ರೆಯ ನೀರು, ಶುಚಿತ್ವಕ್ಕೆ ಬೇಕಾದಷ್ಟೇ ಶುಲ್ಕ. ಇಷ್ಟಾದರೆ ಛತ್ರವೆಂಬ ಮಾತು ವರ್ಷದಲ್ಲಿ ಎರಡು ತಿಂಗಳಾದರೂ ತನ್ನ ಹಳೆಯ ಅರ್ಥಕ್ಕೆ ಮರಳುವದು.